ಖಾಲಿ ಆಕಾಶಕ್ಕೆ ಒಂದೂವರೆ ಜಿಬಿ

ಪನೋರಮಾ ಹೊಲಿಯೋಕೆ ಹ್ಯೂಗಿನ್‌ಗಿಂತ ಒಳ್ಳೆಯ ಪುಕ್ಕಟೆ ಸಾಫ್ಟ್‌ವೇರ್ ನಾನು ಬಳಸಿಲ್ಲ. ಕಮಾಂಡ್ ಲೈನಿನಲ್ಲಿ ಕೆಲಸ ಹಂಚಿಕೊಂಡಿರೋ ರೀತಿಯೇ ಚಂದ. ಸಿಪಿಫೈಂಡ್ ಫೋಟೊಗಳ ನಡುವೆ ಹೊಂದೋ ಗುರುತುಗಳನ್ನ ಹುಡುಕುತ್ತದೆ, ನೋನಾ ಪ್ರತಿ ಫೋಟೊವನ್ನೂ ಬಗ್ಗಿಸಿ ಜಾಗಕ್ಕೆ ಕೂರಿಸುತ್ತದೆ, ಎನ್‌ಬ್ಲೆಂಡ್ ಅಂಚು ಕಾಣದಂಗೆ ಬೆಸೆಯುತ್ತದೆ.

ನನ್ನ ತಕರಾರು ಅದು ಸೋತಾಗ ಆಡೋ ಮಾತಿನ ಬಗ್ಗೆ. 'ಔಟ್ ಆಫ್ ಮೆಮರಿ', ಅಷ್ಟೇ. ಎಷ್ಟು ಬೇಕಿತ್ತು, ಯಾಕೆ ಬೇಕಿತ್ತು, ಹೇಳಲ್ಲ. ಒಮ್ಮೊಮ್ಮೆ ಲಿನಕ್ಸೇ ನಡುವೆ ಬಂದು 'ಕಿಲ್ಡ್' ಅಂತ ಒಂದು ಪದ ಬರೆದು ಕೈ ತೊಳ್ಕೊಳ್ತದೆ. ಆಮೇಲೆ ಕೇಳಿದವರಿಗೆಲ್ಲ ಒಂದೇ ಉಪದೇಶ: ರ‍್ಯಾಮ್ ಹಾಕಿಸ್ರಿ.

ಲೆಕ್ಕ ಹಾಕೋಣ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಡೋಣಿ ದಂಡೆಯ ಎರಿಹೊಲ ತಗೊಳ್ಳಿ. ಜೋಳದ ಬೆಳೆ ಅಡ್ಡಕ್ಕೆ ಕಣ್ಣು ಹಾಯುವಷ್ಟು ದೂರ. ಒಂದೇ ಸಾಲು ಫೋಟೊ ಸಾಕು. ಆದರೆ ಕ್ಯಾನ್ವಾಸನ್ನ 360×180 ಡಿಗ್ರಿ, 20,000×10,000 ಪಿಕ್ಸೆಲ್ ಅಂತ ಬಿಟ್ಟರೆ 20 ಕೋಟಿ ಪಿಕ್ಸೆಲ್ ಆಯ್ತು. 16 ಬಿಟ್ಟಿನ ಮೂರು ಬಣ್ಣ, ಮೇಲೊಂದು ಆಲ್ಫಾ ಪದರ ಸೇರಿ ಪಿಕ್ಸೆಲ್ಲಿಗೆ 8 ಬೈಟ್. ಒಟ್ಟು 160 ಕೋಟಿ ಬೈಟ್, ಹತ್ತಿರ ಹತ್ತಿರ ಒಂದೂವರೆ ಜಿಬಿ. ಬೆಸೆಯುವಾಗಿನ ಖರ್ಚು ಬೇರೆ. ಅದೇ ಹೊಲಕ್ಕೆ 180×45 ಡಿಗ್ರಿ ಸಾಕಾದರೆ 10,000×2,500 ಪಿಕ್ಸೆಲ್, 20 ಕೋಟಿ ಬೈಟ್. ಅಂದರೆ ಎಂಟರಲ್ಲಿ ಏಳು ಪಾಲು ಮೆಮರಿ ಹೋಗಿದ್ದು ಫೋಟೊನೇ ಇಲ್ಲದ ಖಾಲಿ ಜಾಗಕ್ಕೆ.

ಪರಿಹಾರ ಸಾಫ್ಟ್‌ವೇರಿನಲ್ಲೇ ಇದೆ. ಪ್ಯಾನೊ-ಮಾಡಿಫೈಗೆ ಎಫ್‌ಒವಿ ಮತ್ತು ಕ್ರಾಪ್ 'ಆಟೊ' ಅಂತ, ಕ್ಯಾನ್ವಾಸ್ 50% ಅಂತ ಕೊಡಿ. ಅಗಲ, ಎತ್ತರ ಎರಡೂ ಅರ್ಧವಾದರೆ ಮೆಮರಿ ಕಾಲುಭಾಗಕ್ಕೆ ಇಳಿಯುತ್ತದೆ. ನೋನಾಗೆ ಖಾಲಿ ಅಂಚು ಕತ್ತರಿಸಿದ ಟಿಫ್ ಬರೆಯೋಕೆ ಹೇಳಿ. ಎನ್‌ಬ್ಲೆಂಡ್‌ನ ಮೆಮರಿ ಮಿತಿ ಆಯ್ಕೆಯನ್ನ ಮಾತ್ರ ನೆಚ್ಚಬೇಡಿ; ಇಮೇಜ್ ಕ್ಯಾಶ್ ಇಲ್ಲದ ಬಿಲ್ಡ್‌ಗಳಲ್ಲಿ ಅದರ ಆಟ ನಡೆಯಲ್ಲ.

ಅಗಲ, ಎತ್ತರ ಎರಡೂ ಪ್ರಾಜೆಕ್ಟ್ ಫೈಲಿನಲ್ಲೇ ಇರುತ್ತವೆ. 'ಇಷ್ಟು ಬೇಕು, ನಿಮ್ಮಲ್ಲಿ ಇಷ್ಟಿದೆ' ಅಂತ ಶುರುವಿಗೇ ಒಂದು ಸಾಲು ಬರೆಯಬಹುದಿತ್ತು. ಹಾಸಿಗೆ ಎಷ್ಟುದ್ದ ಅಂತ ತಿಳಿಸದೆ ಕಾಲು ಚಾಚು ಅಂದಂಗಾಯ್ತು. ಬೆಂಗಳೂರಿನ 32 ಜಿಬಿ ಮಷೀನಿನವರಿಗೆ ಇದು ಸಣ್ಣ ಮಾತು. ಇಂಡಿಯಲ್ಲೋ ಸಿಂದಗಿಯಲ್ಲೋ 4 ಜಿಬಿ ಲ್ಯಾಪ್‌ಟಾಪಿನಲ್ಲಿ ಕಲಿಯೋ ಹುಡುಗಿ ಮಾತ್ರ ತನ್ನ ಮಷೀನೇ ದಂಡ ಅಂದ್ಕೊಂಡು ಬಿಟ್ಟುಬಿಡ್ತಾಳೆ.

ಆ ಸಾಲು ಬರೋ ತನಕ, ಎನ್‌ಬ್ಲೆಂಡ್ ಓಡಿಸೋ ಮುಂಚೆ ಅಗಲ, ಎತ್ತರ, ಎಂಟು, ಈ ಮೂರನ್ನ ನೀವೇ ಗುಣಿಸಿ ನೋಡ್ರಿ.