ಸುತ್ತಿನ ಲೆಕ್ಕವಷ್ಟೇ ಸಾಲದು

ಮಕ್ಕಳಾಗದಿದ್ದರೆ ಮೊದಲು ಹೆಂಡತಿಯ ತಪಾಸಣೆ ಮಾಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ದೋಷ ಗಂಡನಲ್ಲೂ ಇರಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ದಂಪತಿಗಳು ಹುಬ್ಬಳ್ಳಿಗೋ ದಾವಣಗೆರೆಗೋ ಚಿಕಿತ್ಸೆಗೆ ಹೋದಾಗ, ‘ವೀರ್ಯವನ್ನು ತೊಳೆದು ಗರ್ಭಕೋಶಕ್ಕೆ ಸೇರಿಸುತ್ತೇವೆ’ ಎಂಬ ಮಾತು ಕೇಳಿಬರುತ್ತದೆ. ಏನಿದು ತೊಳೆಯುವಿಕೆ?

ಮುಖ್ಯ ವಿಧಾನಗಳು ಮೂರು. ವೀರ್ಯಕ್ಕೆ ಪೋಷಕ ದ್ರವ ಬೆರೆಸಿ, ಅಪಕೇಂದ್ರಕ ಯಂತ್ರದಲ್ಲಿ ತಿರುಗಿಸಿ, ತಳ ಸೇರಿದ ವೀರ್ಯಾಣುಗಳನ್ನು ತೆಗೆಯುವುದು ಮೊದಲನೆಯದು. ವೀರ್ಯದ ಮೇಲೆ ಪೋಷಕ ದ್ರವ ನಿಲ್ಲಿಸಿ, ನಳಿಕೆಯನ್ನು 45 ಡಿಗ್ರಿ ಓರೆಯಾಗಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುವುದು ಎರಡನೆಯದು. ಚುರುಕಾದವು ತಾವೇ ಈಜಿ ಮೇಲೇರುತ್ತವೆ. ಮೂರನೆಯದರಲ್ಲಿ, ಸಿಲಿಕಾ ಕಣಗಳಿರುವ ಶೇ. 40 ಮತ್ತು 80ರ ದ್ರಾವಣಗಳ ಪದರಗಳ ಮೇಲೆ ವೀರ್ಯವಿಟ್ಟು ತಿರುಗಿಸುತ್ತಾರೆ. ಸಾಂದ್ರತೆ ಹೆಚ್ಚಿರುವ ಪಕ್ವ ವೀರ್ಯಾಣುಗಳು ತಳಕ್ಕಿಳಿಯುತ್ತವೆ.

ಇಲ್ಲಿ ಭೌತವಿಜ್ಞಾನದವನ ತಕರಾರೊಂದಿದೆ. ‘ನಿಮಿಷಕ್ಕೆ 1500 ಸುತ್ತು’ ಎಂದಷ್ಟೇ ಬರೆದಿಟ್ಟರೆ ಅದು ಅರ್ಧ ಅಳತೆ. ತ್ರಿಜ್ಯ 10 ಸೆಂಟಿಮೀಟರ್ ಇದ್ದರೆ ಬಲ ಭೂಗುರುತ್ವದ ಸುಮಾರು 250 ಪಟ್ಟು. 20 ಇದ್ದರೆ 500 ಪಟ್ಟು. ಪದರ ವಿಧಾನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವುದು 300ರಿಂದ 400 ಪಟ್ಟು. ಅಂದರೆ ಒಂದೇ ಸುತ್ತು ಒಂದು ಯಂತ್ರದಲ್ಲಿ ಕಡಿಮೆ, ಇನ್ನೊಂದರಲ್ಲಿ ಅತಿ! ಇದು ಬರಿಯ ಲೆಕ್ಕದ ಜಗಳವಲ್ಲ. ಬೇರ್ಪಡಿಸದ ವೀರ್ಯಾಣುಗಳನ್ನು ಮತ್ತೆ ಮತ್ತೆ ತಿರುಗಿಸಿ ತಳಕ್ಕೆ ಒತ್ತಿದರೆ ಹಾನಿಕರ ಆಕ್ಸಿಜನ್ ಸಂಯುಕ್ತಗಳು ಹುಟ್ಟಿ ಅವುಗಳ ಸಾಮರ್ಥ್ಯ ಕುಗ್ಗುತ್ತದೆಂದು ಏಟ್ಕನ್ ಮತ್ತು ಕ್ಲಾರ್ಕ್‌ಸನ್ 1988ರಲ್ಲೇ ತೋರಿಸಿದ್ದರು.

ಇನ್ನು, ಯಾವ ವಿಧಾನ ಮೇಲು? ಗರ್ಭಕೋಶಕ್ಕೆ ವೀರ್ಯ ಸೇರಿಸುವ ಚಿಕಿತ್ಸೆಯಲ್ಲಿ ಇಂಥದೇ ಶ್ರೇಷ್ಠವೆನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 2019ರ ಕಾಕ್ರೇನ್ ಸಮೀಕ್ಷೆ ಹೇಳಿತು. ಅಂಡಾಣುವಿಗೆ ಚುಚ್ಚಲು ವೀರ್ಯಾಣುವನ್ನು ಹಯಲುರೊನಿಕ್ ಆಮ್ಲದ ನೆರವಿನಿಂದ ಆರಿಸುವ ದುಬಾರಿ ತಂತ್ರವನ್ನು ಬ್ರಿಟನ್ನಿನ 2,772 ದಂಪತಿಗಳಲ್ಲಿ ಪರೀಕ್ಷಿಸಿದಾಗಲೂ (2019), ಪೂರ್ಣಾವಧಿಯ ಜೀವಂತ ಜನನಗಳು ಗಮನಾರ್ಹವಾಗಿ ಹೆಚ್ಚಲಿಲ್ಲ.

ಬ್ಯಾಡಗಿ ಮೆಣಸಿನಕಾಯಿಯ ಹೆಸರು ಬಣ್ಣಕ್ಕೆ. ಬಣ್ಣ ಖಾರದ ಅಳತೆಯಲ್ಲವೆಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಹಾಗೆಯೇ, ಸೂಕ್ಷ್ಮದರ್ಶಕದಡಿ ಚುರುಕಾಗಿ ಈಜುವ ವೀರ್ಯಾಣು ಕೈಗೆ ಬರುವ ಮಗುವಿನ ಅಳತೆಯಲ್ಲ.

ಆದ್ದರಿಂದ, ಓದುಗರೇ, ‘ಅತ್ಯಾಧುನಿಕ’ ಎಂಬ ಮಾತಿಗೆ ಹೊಲ ಅಡವಿಡುವ ಮುನ್ನ ಮೂರು ಪ್ರಶ್ನೆ ಕೇಳಿ. 2021ರ ಕಾಯಿದೆಯಂತೆ ಕೇಂದ್ರ ನೋಂದಣಿಯಾಗಿದೆಯೇ? ಈ ವಿಧಾನ ನಮಗೇಕೆ? ನಮ್ಮಂಥ ನೂರು ದಂಪತಿಗಳಲ್ಲಿ ಎಷ್ಟು ಮಂದಿ ಮಗುವಿನೊಡನೆ ಮನೆಗೆ ಹೋದರು? ಉತ್ತರ ಕೊಡುವುದು ಅವರ ಕರ್ತವ್ಯ, ಕೇಳುವುದು ನಿಮ್ಮ ಹಕ್ಕು.