ಕ್ಯಾಲೆಂಡರ್ ಗಡಿಯಾರಕ್ಕೆ ಬೆಲೆ ಕಟ್ಟುವ ಬಗೆ

ಅಮೆರಿಕದ ಹಳೆಯ ಕ್ಯಾಲೆಂಡರ್ ಗಡಿಯಾರಗಳಲ್ಲಿ ಎರಡು ಬಗೆ. ಮೊದಲನೆಯದು ಸಾದಾ ಬಗೆ: ಒಂದೇ ಡಯಲು, ಅದರ ಅಂಚಿನಲ್ಲಿ 1ರಿಂದ 31ರವರೆಗೆ ಅಂಕಿಗಳು, ಅವನ್ನು ತೋರಿಸಲು ಇನ್ನೊಂದು ಉದ್ದನೆಯ ಮುಳ್ಳು. 30 ದಿನದ ತಿಂಗಳು ಮುಗಿದಾಗ ಈ ಮುಳ್ಳನ್ನು ಕೈಯಿಂದಲೇ ಮುಂದಕ್ಕೆ ಸರಿಸಬೇಕು. ಎರಡನೆಯದು ಜೋಡಿ ಡಯಲಿನದು: ಮೇಲೆ ಗಂಟೆ-ನಿಮಿಷ, ಕೆಳಗೆ ವಾರ, ತಿಂಗಳು, ತಾರೀಖು. ಈ ಬಗೆಯ ಉತ್ತಮ ಗಡಿಯಾರಗಳು ತಿಂಗಳ ದಿನಗಳ ಲೆಕ್ಕವನ್ನು ತಾವೇ ಇಡುತ್ತವೆ. ಸಂಗ್ರಹಕಾರರು ಅರಸುವುದು ಇವನ್ನೇ. ಮೂಗೂರು, ನಂಜನಗೂಡು, ತಿ. ನರಸೀಪುರ ಸೀಮೆಯ ಯಾವುದಾದರೂ ಹಳೆಯ ತೊಟ್ಟಿಮನೆಯಲ್ಲಿ ಇಂಥದೊಂದು ಕಂಡರೆ ಅವಸರಪಡದೆ ಪರೀಕ್ಷಿಸಬೇಕು.

ಇವುಗಳಲ್ಲಿ ಹೆಸರಾದದ್ದು ನ್ಯೂಯಾರ್ಕ್ ರಾಜ್ಯದ ಇಥಾಕಾ ಪಟ್ಟಣದ ಗಡಿಯಾರ. ಹೆನ್ರಿ ಬಿಷಪ್ ಹಾರ್ಟನ್ ತಮ್ಮ ಕ್ಯಾಲೆಂಡರ್ ಯಂತ್ರಕ್ಕೆ 1865ರಲ್ಲಿ ಪೇಟೆಂಟ್ ಪಡೆದರು. ಅದನ್ನು ತಯಾರಿಸಲು 1868ರಲ್ಲಿ ಇಥಾಕಾ ಕ್ಯಾಲೆಂಡರ್ ಕ್ಲಾಕ್ ಕಂಪನಿ ಹುಟ್ಟಿತು. ನಡುರಾತ್ರಿ ಮೇಲಿನ ಯಂತ್ರವು ಸರಳಿನ ಮೂಲಕ ಕೆಳಗಿನದನ್ನು ಒಂದು ದಿನ ಮುಂದೂಡುತ್ತದೆ. ಯಾವ ತಿಂಗಳು ಎಷ್ಟು ದಿನಕ್ಕೆ ಮುಗಿಯಬೇಕೆಂಬುದನ್ನು ಚಕ್ರದಂಚಿನ ಕಚ್ಚುಗಳು ಗೊತ್ತುಮಾಡುತ್ತವೆ. ನಾಲ್ಕು ವರ್ಷಕ್ಕೊಂದು ಸುತ್ತು ಬರುವ ಇನ್ನೊಂದು ಚಕ್ರ ಫೆಬ್ರವರಿಗೆ 29ನೆಯ ದಿನವನ್ನು ಕೊಡುತ್ತದೆ. ಶತಮಾನದ ಲೆಕ್ಕ ಮಾತ್ರ ಇದಕ್ಕೆ ತಿಳಿಯದು: ಅಧಿಕ ವರ್ಷವಲ್ಲದ 1900ರಲ್ಲಿ ಅದನ್ನು ಕೈಯಿಂದ ತಿದ್ದಬೇಕಾಗಿತ್ತು, 2100ರಲ್ಲೂ ತಿದ್ದಬೇಕು.

ಪರೀಕ್ಷೆಯನ್ನು ಕೆಳಗಿನ ಡಯಲಿನಿಂದಲೇ ಆರಂಭಿಸುವುದು ಒಳ್ಳೆಯದು. ಕ್ಯಾಲೆಂಡರನ್ನು ಫೆಬ್ರವರಿ ಕೊನೆಗೆ ತಂದು, ನಿಮಿಷದ ಮುಳ್ಳನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸುತ್ತ, ಪ್ರತಿ ಗಂಟೆಯನ್ನೂ ಪೂರ್ತಿ ಹೊಡೆಯಲು ಬಿಡಬೇಕು. ಹಿಂದಕ್ಕೆ ತಿರುಗಿಸಬಾರದು. ನಡುರಾತ್ರಿ ದಾಟಿದಾಗ ವಾರ ಮತ್ತು ತಾರೀಖು ಎರಡೂ ಬದಲಾಗಿ, ಸರಿಯಾದ ದಿನಕ್ಕೆ ಮಾರ್ಚ್ 1 ಬಂದರೆ ಯಂತ್ರ ಸರಿಯಿದೆ ಎಂದರ್ಥ.

ಮುಂದಿನದು ಅಸಲಿತನ. ಡಯಲಿನ ಮೇಲಿನ ಪೇಟೆಂಟ್ ತಾರೀಖು ಗಡಿಯಾರ ತಯಾರಾದ ವರ್ಷವಲ್ಲ. ಅದಕ್ಕಿಂತ ಮೊದಲಿನದಲ್ಲ ಎಂಬುದಕ್ಕಷ್ಟೇ ಸಾಕ್ಷಿ. ಇಥಾಕಾ ಕಂಪನಿ ಗಂಟೆ ತೋರಿಸುವ ಯಂತ್ರವನ್ನು ವೆಲ್ಚ್, ಹಬ್ಬೆಲ್ ಮುಂತಾದ ತಯಾರಕರಿಂದ ಕೊಳ್ಳುತ್ತಿತ್ತು. ಆದ್ದರಿಂದ ಒಳಗೆ ಬೇರೆ ಹೆಸರು ಕಂಡ ಮಾತ್ರಕ್ಕೆ ಯಂತ್ರ ಬದಲಾಗಿದೆ ಎನ್ನಲಾಗದು. ಬದಲಾದದ್ದನ್ನು ತಿಳಿಸುವುದು ಹಿಂಬದಿಯ ಹಲಗೆ: ಅಲ್ಲಿ ಬಳಕೆಯಿಲ್ಲದ ಸ್ಕ್ರೂ ತೂತುಗಳಿದ್ದರೆ, ಹಳೆಯ ಯಂತ್ರದ ನೆರಳಿನಂಥ ಗುರುತು ಹೊಸದಕ್ಕೆ ಹೊಂದದಿದ್ದರೆ ಅನುಮಾನ ಪಡಬೇಕು. ಮರ ಕಪ್ಪಗಾಗಿದ್ದರೂ ಡಯಲಿನ ಕಾಗದ ಅಚ್ಚಬಿಳಿಯಾಗಿದ್ದರೆ ಅದು ಮರುಮುದ್ರಣವಿರಬಹುದು.

ಪೆಟ್ಟಿಗೆಯ ಸ್ಥಿತಿ ಕೊನೆಯ ಮಾತು. ಮಳೆಗಾಲದ ತೇವಕ್ಕೆ ಅಂಟು ಸಡಿಲಾಗಿ ಮೇಲ್ಪದರದ ತೆಳು ಮರ ಏಳುವುದುಂಟು, ಗೆದ್ದಲೂ ಹತ್ತುತ್ತದೆ. ಎದ್ದ ಪದರವನ್ನು ಮತ್ತೆ ಅಂಟಿಸಬಹುದು. ಆದರೆ ಉಜ್ಜಿ ಹೊಸ ಪಾಲಿಶ್ ಬಳಿದರೆ ಮೂಲದ ಮೆರುಗು ಮರಳಿ ಬಾರದು, ಬೆಲೆಯೂ ಇಳಿಯುತ್ತದೆ. ಒಳಗಿನ ಕಾಗದದ ಚೀಟಿ ಹರಿದಿದ್ದರೂ ಕೀಳಬಾರದು.

ಮಾಸಿದ ಪೆಟ್ಟಿಗೆಯಲ್ಲಿ ಅಸಲಿ ಕ್ಯಾಲೆಂಡರ್ ಯಂತ್ರ ಉಳಿದಿರುವ ಗಡಿಯಾರವೇ ಬೇರೆ ಬೇರೆ ಗಡಿಯಾರಗಳ ಭಾಗ ಸೇರಿಸಿ ಮಾಡಿದ ಥಳಥಳಿಸುವ ಗಡಿಯಾರಕ್ಕಿಂತ ಮೇಲು. ಮನೆಯಲ್ಲಿ ಇಂಥದಿದ್ದವರು ಬಡಗಿಯನ್ನು ಕರೆಯುವ ಮೊದಲು ಬಲ್ಲ ಗಡಿಯಾರ ರಿಪೇರಿಯವರಿಗೆ ತೋರಿಸಲಿ.