ಹಾಸ್ಯವೂ ಲೋಕಹಿತವೂ: ಕೆನಡಾದ ಮೂವರು ವಿನೋದಕಾರರು

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಂದೊಂದು ಅಧಿದೇವತೆಯನ್ನು ನಿರ್ದೇಶಿಸುತ್ತ ಹಾಸ್ಯಕ್ಕೆ ಪ್ರಮಥರನ್ನು ಹೇಳಿದ್ದಾನೆ. ಶಿವಗಣಗಳಾದ ಪ್ರಮಥರೇ ನಗೆಯ ಒಡೆಯರೆಂಬ ಈ ಮಾತು, ಶರಣರನ್ನು ಪ್ರಮಥರೆಂದೇ ಕರೆದು ಗೌರವಿಸುವ ನಮಗೆ ವಿಶೇಷವಾಗಿ ಗಮನಾರ್ಹವಾದುದು. ಆದರೂ ಧರ್ಮಪೀಠಗಳ ಸನ್ನಿಧಿಯಲ್ಲಿ ನಗೆಗೆ ಬಹುಮಟ್ಟಿಗೆ ಹೊರಜಗಲಿಯೇ ಗತಿಯಾಗಿದೆ. ಅದೇ ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ವಿಭಾಗಿಸುತ್ತಾನೆ. ತಾನೇ ನಗುವುದು ಆತ್ಮಸ್ಥ. ಪರರನ್ನು ನಗಿಸುವುದು ಪರಸ್ಥ. ನಕ್ಕ ಜನರು ನಗೆ ನಿಂತ ಮೇಲೆ ಏನು ಮಾಡುತ್ತಾರೆಂಬ ಪ್ರಶ್ನೆ ರಂಗಭೂಮಿಯ ಶಾಸ್ತ್ರಕ್ಕೆ ಬೇಕಾಗಿರಲಿಲ್ಲ. ಪ್ರಜಾಪ್ರಭುತ್ವದಲ್ಲಿ ಬಾಳುತ್ತಿರುವ ನಮಗೆ ಅದು ಬೇಕು.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆನಡಾ ದೇಶದ ಮೂವರ ಹಾಸ್ಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಒಬ್ಬನು ಅರ್ಥಶಾಸ್ತ್ರದ ಪ್ರಾಧ್ಯಾಪಕ. ಇನ್ನೊಬ್ಬನು ರಾಜಕಾರಣಕ್ಕಿಳಿದ ಧರ್ಮಬೋಧಕ. ಮತ್ತೊಬ್ಬನು ಆ ನೆಲದ ಮೂಲನಿವಾಸಿ ನಾಟಕಕಾರ. ಮೂವರ ಬದುಕು ಬರಹಗಳಲ್ಲಿಯೂ ಧರ್ಮಸಂಸ್ಥೆಯ ಪ್ರಸ್ತಾಪ ಬರುವುದರಿಂದ ಮಠದ ಪತ್ರಿಕೆಯ ವಾಚಕರು ಇದನ್ನು ದೂರದೇಶದ ವಾರ್ತೆಯೆಂದು ಉಪೇಕ್ಷಿಸಬಾರದೆಂದು ಕೋರುತ್ತೇವೆ.

ಮೊದಲನೆಯವನು ಸ್ಟೀಫನ್ ಲೀಕಾಕ್ (1869-1944). ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕೆನಡಾದ ಒಂಟೇರಿಯೋ ಪ್ರಾಂತಕ್ಕೆ ಬಂದು, ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ 1936ರವರೆಗೆ ಅಧ್ಯಾಪನ ಮಾಡಿದವನು. 1912ರಲ್ಲಿ ಪ್ರಕಟವಾದ ಅವನ ‘ಸನ್‌ಶೈನ್ ಸ್ಕೆಚಸ್ ಆಫ್ ಎ ಲಿಟಲ್ ಟೌನ್’ ಎಂಬ ಕೃತಿಯು ಮರಿಪೋಸಾ ಎಂಬ ಕಲ್ಪಿತ ಊರಿನ ಕಥೆ. ಒರಿಲಿಯಾ ಎಂಬ ನಿಜವಾದ ಪಟ್ಟಣವೇ ಅದಕ್ಕೆ ಮಾದರಿಯೆಂಬುದು ಎಲ್ಲರೂ ಬಲ್ಲ ಸಂಗತಿ. ಅದರಲ್ಲಿ ಡ್ರೋನ್ ಎಂಬ ವೃದ್ಧ ಪಾದ್ರಿಯ ಪ್ರಸಂಗವೊಂದಿದೆ. ಊರಿನಲ್ಲಿ ಕಲ್ಲಿನ ಚಿಕ್ಕ ಚರ್ಚು ಇರುತ್ತದೆ. ಅದು ಸಾಲದೆಂದು ಭವ್ಯವಾದ ಹೊಸ ಚರ್ಚನ್ನು ಕಟ್ಟುತ್ತಾರೆ. ಹಳೆಯ ಕಲ್ಲುಗಳನ್ನು ಹೊಸ ಕಟ್ಟಡದಲ್ಲಿ ಸೇರಿಸುವುದೆಂದು ಮೊದಲ ಸಂಕಲ್ಪ. ಅದಾಗದಿದ್ದಾಗ ಅವುಗಳಿಂದ ಸ್ಮಾರಕವಾಗಿ ಒಂದು ಗೋಡೆಯನ್ನು ನಿಲ್ಲಿಸುವುದೆಂದು ನಿರ್ಣಯ. ಅದೂ ಕೈಗೂಡದೆ ಕಲ್ಲುಗಳು ರಾಶಿಯಾಗಿ ಬಿದ್ದು, ಕಡೆಗೆ ಕಂತ್ರಾಟುದಾರನಿಗೆ ಮಾರಾಟವಾಗುತ್ತವೆ. ಪ್ರತಿಯೊಂದು ಹಂತದಲ್ಲಿಯೂ ಭಕ್ತಿ, ಶ್ರದ್ಧೆ ಎಂಬ ಮಾತುಗಳನ್ನು ಲೇಖಕನು ತಪ್ಪದೆ ಬಳಸುತ್ತಾನೆ. ಕೆಲಸ ಕೆಳಗಿಳಿದಂತೆಲ್ಲ ಮಾತು ಮೇಲೇರುತ್ತದೆ. ಈ ಏರಿಳಿತದಲ್ಲಿಯೇ ಲೀಕಾಕನ ಹಾಸ್ಯದ ಮರ್ಮವಡಗಿದೆ.

ಹೊಸ ಚರ್ಚಿನ ಸಾಲ ತೀರುವುದಿಲ್ಲ. ವಿನೋದಕೂಟಗಳು, ಚಂದಾ ಚಳವಳಿಗಳು ನಡೆಯುತ್ತವೆ. ಪ್ರತಿಯೊಂದೂ ಖರ್ಚನ್ನೇ ಹೆಚ್ಚಿಸುತ್ತದೆ. ಕೊನೆಗೆ ಒಂದು ರಾತ್ರಿ ಚರ್ಚು ಹೊತ್ತಿ ಉರಿಯುತ್ತದೆ; ವಿಮೆಯ ಹಣ ಬರುತ್ತದೆ; ಸಾಲದ ಹೊರೆ ಇಳಿಯುತ್ತದೆ. ಬೆಂಕಿ ಇಟ್ಟವರಾರೆಂಬುದನ್ನು ಲೇಖಕನು ಬಿಡಿಸಿ ಹೇಳದೆ ಸುಳಿವನ್ನಷ್ಟೇ ಕೊಡುತ್ತಾನೆ. ಊರವರಿಗೆ ಅದನ್ನು ತಿಳಿಯುವ ಆತುರವೂ ಇದ್ದಂತಿಲ್ಲ. ಆ ರಾತ್ರಿಯ ಆಘಾತದಿಂದ ಪಾದ್ರಿಯ ಬುದ್ಧಿ ಮಂಕಾಗುತ್ತದೆ. ತಾನು ಕಟ್ಟಿಸಿದ್ದು ಉರಿಯುವುದನ್ನು ನಿಂತು ನೋಡಿದ ಆ ಸಾಧುವಿನ ಮುಂದೆ ನಮ್ಮ ನಗೆ ನಿಂತುಹೋಗುತ್ತದೆ. ನಗಿಸುತ್ತ ಬಂದು, ನಿಲ್ಲಿಸಬೇಕಾದಲ್ಲಿ ನಗೆಯನ್ನು ನಿಲ್ಲಿಸಬಲ್ಲವನೇ ನಿಜವಾದ ಹಾಸ್ಯಕಾರ.

ಎರಡು ವರ್ಷಗಳ ತರುವಾಯ, 1914ರಲ್ಲಿ, ಲೀಕಾಕನು ‘ಆರ್ಕೇಡಿಯನ್ ಅಡ್ವೆಂಚರ್ಸ್ ವಿತ್ ದಿ ಐಡಲ್ ರಿಚ್’ ಎಂಬ ಕೃತಿಯನ್ನು ಬರೆದನು. ಇದರ ಊರು ಅಮೆರಿಕೆಯ ಒಂದು ಮಹಾನಗರದಂತೆ ತೋರುತ್ತದೆ. ಇಲ್ಲಿ ಎರಡು ಸಿರಿವಂತ ಚರ್ಚುಗಳು ಮೊದಲು ಪೈಪೋಟಿಗಿಳಿದು, ಆಮೇಲೆ ವ್ಯಾಪಾರದ ಕಂಪನಿಗಳಂತೆ ಒಂದಾಗುತ್ತವೆ. ತತ್ತ್ವಸಿದ್ಧಾಂತದ ಪ್ರಶ್ನೆಗಳು ಷೇರುದಾರರ ಬಹುಮತಕ್ಕೆ ಬೀಳುತ್ತವೆ! ಕೊನೆಯ ಅಧ್ಯಾಯದಲ್ಲಿ ನಗರಾಡಳಿತವನ್ನು ಶುದ್ಧಿಗೊಳಿಸುವ ಮಹಾ ಆಂದೋಲನವೊಂದು ನಡೆದು ಜಯಗಳಿಸುತ್ತದೆ. ಗೆದ್ದವರು ಯಾರೆಂದು ನೋಡಿದರೆ ಮೊದಲಿನ ಧನಿಕರೇ. ನಾಗರಿಕ ಚಳವಳಿಯ ವೇಷದಲ್ಲಿ ಸ್ವಾರ್ಥವು ಹೇಗೆ ಸಂಚರಿಸುತ್ತದೆಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿದ ಬರಹಗಳು ವಿರಳ.

ಆದರೆ ವಿಮರ್ಶಕನು ಇಲ್ಲಿಯೇ ಒಂದು ಪ್ರಶ್ನೆಯನ್ನೆತ್ತಬೇಕು. ಚಳವಳಿಯೆಲ್ಲ ವೇಷವೇ ಆಗಿದ್ದರೆ ನಾವು ಮನೆಯಲ್ಲಿ ಕುಳಿತು ನಗುವುದೊಂದೇ ಉಳಿದ ದಾರಿಯಲ್ಲವೆ? 1920ರಲ್ಲಿ ಸಾಮಾಜಿಕ ನ್ಯಾಯವನ್ನು ಕುರಿತು ಬರೆದ ಗಂಭೀರ ಗ್ರಂಥದಲ್ಲಿ ಲೀಕಾಕನು ಮಕ್ಕಳ, ವೃದ್ಧರ, ದುರ್ಬಲರ ಹೊಣೆಯನ್ನು ಸರಕಾರವು ಹೊರಬೇಕೆಂದು ವಾದಿಸಿದನೆಂಬುದು ನಿಜ. ಆದರೆ ಸ್ತ್ರೀಯರ ಮತದಾನದ ಹಕ್ಕನ್ನು ವಿರೋಧಿಸಿದವನೂ ಆತನೇ. ಬ್ರಿಟಿಷರಲ್ಲದ ವಲಸೆಗಾರರನ್ನು ತಾತ್ಸಾರದಿಂದ ಕಂಡವನೂ ಆತನೇ. ಧನಿಕರ ಡಂಭವನ್ನು ಕಂಡ ಕಣ್ಣು ತನ್ನ ಕುಲದ ಹಮ್ಮನ್ನು ಕಾಣಲಿಲ್ಲ. ಅವನ ಹೆಸರಿನಲ್ಲಿ 1947ರಿಂದ ಹಾಸ್ಯಸಾಹಿತ್ಯಕ್ಕೆ ಪದಕ ಕೊಡುತ್ತ ಬಂದಿದ್ದಾರೆ. ಪದಕದ ಹೊಳಪಿನಲ್ಲಿ ಈ ಕಲೆಯನ್ನು ಮರೆಯಬಾರದು.

ಎರಡನೆಯವನು ಟಾಮಿ ಡಗ್ಲಾಸ್ (1904-1986). ಸ್ಕಾಟ್ಲೆಂಡಿನಿಂದ ವಲಸೆ ಬಂದ ಕಾರ್ಮಿಕನ ಮಗ. ಬಾಲ್ಯದಲ್ಲಿ ಮೂಳೆಯ ರೋಗದಿಂದ ಕಾಲನ್ನು ಕಳೆದುಕೊಳ್ಳುವುದರಲ್ಲಿದ್ದಾಗ, ವಿನ್ನಿಪೆಗ್ ನಗರದ ಶಸ್ತ್ರವೈದ್ಯನೊಬ್ಬನು ವಿದ್ಯಾರ್ಥಿಗಳಿಗೆ ಪಾಠವಾಗಲೆಂದು ಉಚಿತವಾಗಿ ಚಿಕಿತ್ಸೆ ಮಾಡಿ ಕಾಲನ್ನುಳಿಸಿದನು. ಬಡವನ ಮಗನ ಕಾಲು ಅದೃಷ್ಟವನ್ನು ಅವಲಂಬಿಸಬಾರದೆಂಬ ಭಾವನೆ ಅವನಲ್ಲಿ ಬೇರೂರಿದ್ದು ಆಗಲೇ. ಮುಂದೆ ಬ್ಯಾಪ್ಟಿಸ್ಟ್ ಧರ್ಮಬೋಧಕನಾಗಿ ಸಸ್ಕಾಚೆವಾನ್ ಪ್ರಾಂತದ ವೇಬರ್ನ್ ಊರಿಗೆ ಬಂದನು. ಬರಗಾಲ, ಆರ್ಥಿಕ ಕುಸಿತಗಳ ಆ ಕಾಲದಲ್ಲಿ ಜನರ ಸಂಕಟವನ್ನು ಕಂಡು 1935ರಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದನು. ಹೊಲಕ್ಕೆ ಗೊಬ್ಬರ ಎರಚುವ ಬಂಡಿಯ ಮೇಲೆ ನಿಂತು, ಎದುರು ಪಕ್ಷದ ವೇದಿಕೆಯಿಂದ ಮಾತಾಡುವುದು ತನಗಿದೇ ಮೊದಲ ಸಲವೆಂದು ರೈತರನ್ನು ನಗಿಸಿದನೆಂಬ ಕಥೆಯೊಂದು ಅಲ್ಲಿ ಪ್ರಚಲಿತವಾಗಿದೆ.

ಅವನು ಪ್ರಸಿದ್ಧಿಗೆ ತಂದ ‘ಮೌಸ್‌ಲ್ಯಾಂಡ್’ ಎಂಬ ಕಥೆಯನ್ನು ಮೊದಲು ಹೇಳಿದವನು ಗಣಿಕಾರ್ಮಿಕನಾಗಿದ್ದ ಕ್ಲಾರೆನ್ಸ್ ಗಿಲ್ಲಿಸ್ ಎಂಬ ಸದಸ್ಯ. ಇಲಿಗಳ ರಾಜ್ಯದಲ್ಲಿ ಚುನಾವಣೆಯಾದಾಗಲೆಲ್ಲ ಇಲಿಗಳು ಬೆಕ್ಕುಗಳನ್ನೇ ಆರಿಸುತ್ತವೆ. ಕರಿ ಬೆಕ್ಕುಗಳು ಬಿಲದ ಬಾಯಿ ದುಂಡಗೆ, ಬೆಕ್ಕಿನ ಪಂಜ ಹಿಡಿಸುವಷ್ಟು ಅಗಲವಿರಬೇಕೆಂದು ಕಾಯಿದೆ ಮಾಡುತ್ತವೆ. ಬೇಸತ್ತ ಇಲಿಗಳು ಬಿಳಿ ಬೆಕ್ಕುಗಳನ್ನು ಗೆಲ್ಲಿಸುತ್ತವೆ. ಅವು ಬಿಲವನ್ನು ಚೌಕಾಕಾರಗೊಳಿಸಿ ಎರಡು ಪಂಜ ಹಿಡಿಸುವಂತೆ ಮಾಡುತ್ತವೆ. ಇಲಿಗಳೇ ಆಳಬಾರದೇಕೆ ಎಂದ ಪುಟ್ಟ ಇಲಿಯೊಂದು ಸೆರೆಮನೆ ಸೇರುತ್ತದೆ. ಅದರ ವಿಚಾರಕ್ಕೆ ಮಾತ್ರ ಬೀಗ ಹಾಕಲಾಗದು.

ಲೀಕಾಕನ ಹಾಸ್ಯಕ್ಕೂ ಇದಕ್ಕೂ ಇರುವ ಅಂತರವನ್ನು ವಾಚಕರು ಗುರುತಿಸಬೇಕು. ಲೀಕಾಕನಲ್ಲಿ ನಾವು ಪರರನ್ನು ನೋಡಿ ನಗುತ್ತೇವೆ. ಇಲ್ಲಿ ಕೇಳುವವನೇ ಇಲಿ. ಬೆಕ್ಕನ್ನು ಬೈಯುವ ಸುಖವನ್ನು ಕಥೆ ಅವನಿಗೆ ಕೊಡುವುದಿಲ್ಲ. ಆರಿಸಿದವನು ನೀನೇ ಎಂದು ತೋರಿಸುತ್ತದೆ. ನಗೆಯ ಹಿಂದೆಯೇ ನಾಚಿಕೆ, ನಾಚಿಕೆಯ ಹಿಂದೆಯೇ ಸಂಕಲ್ಪ. 1944ರಿಂದ 1961ರವರೆಗೆ ಡಗ್ಲಾಸನು ಸಸ್ಕಾಚೆವಾನಿನ ಪ್ರಧಾನನಾಗಿದ್ದನು. 1947ರಲ್ಲಿ ಆ ಪ್ರಾಂತದಲ್ಲಿ ಆಸ್ಪತ್ರೆಯ ವಿಮೆ ಜಾರಿಗೆ ಬಂದಿತು. ಅವನು ಆರಂಭಿಸಿದ ಸಾರ್ವತ್ರಿಕ ವೈದ್ಯಕೀಯ ವಿಮೆಯು ಉತ್ತರಾಧಿಕಾರಿಯ ಕಾಲದಲ್ಲಿ, 1962ರ ಜುಲೈ 1ರಂದು, ಕಾರ್ಯರೂಪಕ್ಕೆ ಬಂದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು, ಯೋಜನೆ ಉಳಿಯಿತು. ಅದೇ ವರ್ಷದ ಪಾರ್ಲಿಮೆಂಟ್ ಚುನಾವಣೆಯಲ್ಲಿ ಡಗ್ಲಾಸನು ರೆಜೈನಾದಲ್ಲಿ ತನ್ನ ಸ್ಥಾನವನ್ನೇ ಸೋತನು. 1966ರಲ್ಲಿ ಇಡೀ ದೇಶಕ್ಕಾಗಿ ಶಾಸನವಾಯಿತು.

ಈತನಲ್ಲಿಯೂ ಕೊರತೆಯಿಲ್ಲದಿಲ್ಲ. 1933ರಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದಲ್ಲಿ ‘ಹೀನ’ವೆನಿಸಿದ ಕುಟುಂಬಗಳ ಸಂತಾನವನ್ನು ನಿರ್ಬಂಧಿಸುವ ವಾದವನ್ನು ಅವನು ಬೆಂಬಲಿಸಿದ್ದನು, ಅಧಿಕಾರ ಬಂದಾಗ ಅದನ್ನು ಆಚರಣೆಗೆ ತರಲಿಲ್ಲ. ಕಥೆಯಲ್ಲಿಯೂ ಒಂದು ದೋಷವುಂಟು. ಬೆಕ್ಕು ಹುಟ್ಟಿನಿಂದ ಬೆಕ್ಕು, ಮನುಷ್ಯರಲ್ಲಿ ಹಾಗಲ್ಲ. ಅಧಿಕಾರ ಹಿಡಿದ ಇಲಿಗೆ ಉಗುರು ಬೆಳೆಯುವುದನ್ನು ನಾವು ಕಂಡಿದ್ದೇವೆ. ಆ ಎಚ್ಚರ ಮೌಸ್‌ಲ್ಯಾಂಡಿನಲ್ಲಿಲ್ಲ. ಅದಕ್ಕೆ ಲೀಕಾಕನನ್ನೇ ಓದಬೇಕು.

ರಾಜಕೀಯವನ್ನು ನಗೆಗೆ ಒಪ್ಪಿಸಿದರೆ ಮತದಾನವೇ ಹಗುರಾಗದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಕೆನಡಾದಲ್ಲಿ ಅದಕ್ಕೂ ಉದಾಹರಣೆಯಿದೆ. ವೈದ್ಯನೂ ಸಾಹಿತಿಯೂ ಆಗಿದ್ದ ಜಾಕ್ ಫೆರೋನ್ 1963ರಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ‘ಖಡ್ಗಮೃಗ ಪಕ್ಷ’ವನ್ನು ಸ್ಥಾಪಿಸಿದನು. ಗುರುತ್ವಾಕರ್ಷಣ ನಿಯಮವನ್ನು ರದ್ದುಪಡಿಸುವುದು ಅದರ ಆಶ್ವಾಸನೆಗಳಲ್ಲೊಂದು. ಯಾವ ಆಶ್ವಾಸನೆಯನ್ನೂ ಪಾಲಿಸುವುದಿಲ್ಲವೆಂಬುದು ಮತ್ತೊಂದು. 1980ರ ಚುನಾವಣೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಮತಗಳು ಬಂದವು. ಸ್ಥಾನ ಒಂದೂ ಬರಲಿಲ್ಲ. ಪೊಳ್ಳು ಭರವಸೆಗಳಿಗೆ ಇದು ತಕ್ಕ ಕನ್ನಡಿಯೇ ಸರಿ. ಆದರೆ ಕನ್ನಡಿ ಅನ್ನವನ್ನು ಬೇಯಿಸದು. ಕಾರ್ಮಿಕರ ಬಡ ಬಡಾವಣೆಯಲ್ಲಿ ಆ ವೈದ್ಯನು ಮಾಡಿದ ಚಿಕಿತ್ಸೆಯ ತೂಕವೇ ಬೇರೆ.

ಮೂರನೆಯವನು ಟಾಮ್ಸನ್ ಹೈವೇ. 1951ರಲ್ಲಿ ಮ್ಯಾನಿಟೋಬಾದ ಉತ್ತರದಂಚಿನಲ್ಲಿ ಕ್ರೀ ಜನಾಂಗದಲ್ಲಿ ಹುಟ್ಟಿದವನು. 1986ರಲ್ಲಿ ಪ್ರದರ್ಶಿತವಾದ ಅವನ ‘ದಿ ರೆಜ್ ಸಿಸ್ಟರ್ಸ್’ ನಾಟಕದಲ್ಲಿ ಮೂಲನಿವಾಸಿಗಳ ಮೀಸಲು ಪ್ರದೇಶದ ಏಳು ಮಂದಿ ಹೆಂಗಸರು ಟೊರಾಂಟೋದಲ್ಲಿ ನಡೆಯುವ ಜಗತ್ತಿನ ಅತಿದೊಡ್ಡ ಬಿಂಗೋ ಜೂಜಿಗೆ ಹೋಗಲು ಹಣ ಕೂಡಿಸುತ್ತಾರೆ. ಪೆಲೇಜಿಯಾ ಎಂಬಾಕೆ ಮನೆಯ ಮಾಡಿನ ಮೇಲೆ ಕುಳಿತು ಸುತ್ತಿಗೆ ಬಡಿಯುತ್ತ ತನ್ನೂರಿಗೆ ಒಳ್ಳೆಯ ರಸ್ತೆ ಬೇಕೆಂದು ಹಂಬಲಿಸುವುದರಿಂದ ನಾಟಕ ಆರಂಭವಾಗುತ್ತದೆ. ಜಗಳ, ಬೈಗುಳ, ಚೇಷ್ಟೆಗಳ ನಡುವೆಯೇ ಒಬ್ಬಾಕೆಯನ್ನು ಕ್ಯಾನ್ಸರು ಒಯ್ಯುತ್ತದೆ. ಬಹುಮಾನದ ಕನಸು ಕೈಗೂಡುವುದಿಲ್ಲ. ಕೊನೆಯಲ್ಲಿ ಪೆಲೇಜಿಯಾ ಮತ್ತೆ ಮಾಡಿನ ಮೇಲೆ, ಕೈಯಲ್ಲಿ ಸುತ್ತಿಗೆ. ಆದರೆ ರಸ್ತೆಯ ಮಾತು ಈಗ ಹಂಬಲವಾಗಿ ಉಳಿದಿಲ್ಲ, ಹಟವಾಗಿದೆ.

ಈ ನಗೆಯ ಬೆಲೆ ತಿಳಿಯಬೇಕಾದರೆ ಹಿನ್ನೆಲೆಯನ್ನು ಅರಿಯಬೇಕು. ಕೆನಡಾದ ಸರಕಾರವೂ ಚರ್ಚುಗಳೂ ಕೂಡಿ ನಡೆಸಿದ ವಸತಿಶಾಲೆಗಳಲ್ಲಿ ಒಂದೂವರೆ ಲಕ್ಷದಷ್ಟು ಮೂಲನಿವಾಸಿ ಮಕ್ಕಳನ್ನು ಇರಿಸಲಾಗಿತ್ತು. ಅಲ್ಲಿ ತಾಯ್ನುಡಿಯಾಡಿದರೆ ದಂಡನೆ. ಎಷ್ಟೋ ಮಕ್ಕಳು ಮರಳಿ ಮನೆ ಸೇರಲಿಲ್ಲ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಇದು ಸಾಂಸ್ಕೃತಿಕ ನರಮೇಧವೆಂದು 2015ರಲ್ಲಿ ಸತ್ಯ ಮತ್ತು ಸಮಾಧಾನ ಆಯೋಗವು ಹೇಳಿತು. ಹೈವೇ ಸ್ವತಃ ಅಂತಹ ಶಾಲೆಯಲ್ಲಿ ಬೆಳೆದವನು. ಅಲ್ಲಿ ತನಗೆ ದೊರೆತ ವಿದ್ಯೆಯನ್ನು ಅವನು ಮರೆಮಾಚಿಲ್ಲ. ಅಲ್ಲಿನ ಕ್ರೌರ್ಯವನ್ನೂ ಮರೆಮಾಚಿಲ್ಲ. ಲೀಕಾಕನ ಒರಿಲಿಯಾದ ಸರೋವರದಾಚೆಯ ದಡದಲ್ಲಿಯೇ ಮೂಲನಿವಾಸಿಗಳ ರಾಮಾ ಎಂಬ ಊರಿದೆ. ಮರಿಪೋಸಾದ ಬಿಸಿಲು ಆ ದಡವನ್ನು ಬೆಳಗಲಿಲ್ಲ. ಅಲ್ಲಿನವರಂಥ ಜನರು ತಮ್ಮ ನಗೆಯನ್ನು ತಾವೇ ಬರೆಯಬೇಕಾಯಿತು.

ಪ್ರಿಯ ಭಕ್ತರೇ, ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳೇ, ಅನ್ನ ಅಕ್ಷರಗಳನ್ನು ಕೊಡುವ ಕೈ ಪವಿತ್ರವೆಂದು ನಾವು ನಂಬಿದ್ದೇವೆ. ಆ ಶಾಲೆಗಳನ್ನು ನಡೆಸಿದವರೂ ಹಾಗೆಯೇ ನಂಬಿದ್ದರು. ಇಲ್ಲಿಯ ನಿಲಯಗಳಿಗೆ ಮಕ್ಕಳನ್ನು ತಂದೆತಾಯಿಗಳೇ ಒಪ್ಪಿಸಿದರು, ತಾಯ್ನುಡಿಯಲ್ಲಿಯೇ ಅವರು ಓದಿದರೆಂಬುದು ದೊಡ್ಡ ಅಂತರ. ಆದರೆ ಅಂತರವಿದೆಯೆಂದು ಪರೀಕ್ಷೆ ತಪ್ಪುವುದಿಲ್ಲ. ಉಂಡವನು ಉಣಿಸಿದವನ ಲೋಪವನ್ನು ಅಂಜದೆ ಹೇಳಬಲ್ಲನೆ ಎಂಬುದೇ ಆ ಪರೀಕ್ಷೆ. ಡಾಂಭಿಕ ಜಂಗಮರನ್ನು ಎಗ್ಗಿಲ್ಲದೆ ಮೂದಲಿಸಿದ ಅಂಬಿಗರ ಚೌಡಯ್ಯನನ್ನು ಹೊರಗಟ್ಟದೆ ಶರಣರ ಸಾಲಿನಲ್ಲಿ ಇರಿಸಿದ ಪರಂಪರೆ ನಮ್ಮದು.

ಆದುದರಿಂದ ಮಠಗಳ ಜಾತ್ರಾ ಮಹೋತ್ಸವದಲ್ಲಿ ಒಂದು ಸಂಜೆಯನ್ನು ಹಳೆಯ ವಿದ್ಯಾರ್ಥಿಗಳ ವಿನೋದಕ್ಕೆ ಬಿಟ್ಟುಕೊಡಬೇಕೆಂಬುದು ನಮ್ಮ ಸೂಚನೆ. ನಿಲಯದ ಅಡಿಗೆಯನ್ನು, ಆಡಳಿತ ಮಂಡಳಿಯನ್ನು, ಕಟ್ಟಡದ ಸಾಲವನ್ನು, ಸ್ವಾಮಿಗಳನ್ನೂ ಅವರು ನಗೆಗೆ ವಸ್ತುವಾಗಿಸಲಿ. ಗುರುಗಳು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಮರುದಿನ ಬೆಳಿಗ್ಗೆ ಅದೇ ವೇದಿಕೆಯ ಮೇಲೆ ವರ್ಷದ ಲೆಕ್ಕಪತ್ರವನ್ನು ಓದಲಿ. ಹಿಂದಿನ ಸಂಜೆ ನಕ್ಕವರೇ ಎದ್ದುನಿಂತು ಪ್ರಶ್ನೆಗಳನ್ನು ಕೇಳಲಿ. ಸಂಜೆಯ ನಗೆ ಎಂಥದೆಂಬುದು ಆ ಬೆಳಗಿನ ಹಾಜರಿಯಿಂದ ಗೊತ್ತಾಗುತ್ತದೆ.